ವರ್ಗಾವಣೆ ಖರ್ಚು: ಬಿಲ್ಲೋ, ಇಡಿಗಂಟೋ, ಇಲಾಖೆಯೇ ಕಟ್ಟುವುದೋ?

8ನೇ ವೇತನ ಆಯೋಗ ನ್ಯಾಯಮೂರ್ತಿ ರಂಜನಾ ಪ್ರಕಾಶ್ ದೇಸಾಯಿ ಅವರ ಅಧ್ಯಕ್ಷತೆಯಲ್ಲಿ ಕೆಲಸ ಶುರು ಮಾಡಿದೆ. ಮುಂಬೈ, ಪುಣೆ, ಗೋವಾದ ಕೇಂದ್ರ ಸರ್ಕಾರಿ ಕಚೇರಿಗಳಲ್ಲಿರುವ ನಮ್ಮ ಕನ್ನಡದವರು ಸೇರಿದರೆ ಮಾತೆಲ್ಲ ಮೂಲ ವೇತನ, ಫಿಟ್‌ಮೆಂಟ್ (ಹಳೆ ಮೂಲ ವೇತನವನ್ನು ಹೊಸದಕ್ಕೆ ಏರಿಸುವ ಗುಣಕ) ಸುತ್ತಲೇ. ಟಿಎ, ಅಂದರೆ ಪ್ರಯಾಣ ಭತ್ಯೆಯ ಬಗ್ಗೆ, ಅದರಲ್ಲೂ ವರ್ಗಾವಣೆ ಟಿಎ ಬಗ್ಗೆ, ಮಾತು ಕಮ್ಮಿ. ಆರ್ಡರ್ ಕೈಗೆ ಬಂದ ದಿನವೇ ಅದು ನೆನಪಾಗುವುದು.

ನಾನು ಮುಂಬೈಯ ಒಂದು ಕಚೇರಿಯಲ್ಲಿ ಟಿಎ ಬಿಲ್ಲು ನೋಡುವ ಕೆಲಸದಲ್ಲಿದ್ದೇನೆ. ಹುಬ್ಬಳ್ಳಿ, ಬೆಂಗಳೂರು, ಮಂಗಳೂರಿನಿಂದ ಬಂದವರ ಬಿಲ್ಲುಗಳು ನನ್ನ ಮೇಜಿಗೆ ಬರುತ್ತಲೇ ಇರುತ್ತವೆ. ಆಯೋಗಕ್ಕೆ ಮನವಿ ಬರೆಯುವ ಸಂಘಗಳಿಗೆ ನನ್ನ ಸಲಹೆ ಇಷ್ಟೇ: ದರ ಜಾಸ್ತಿ ಮಾಡಿ ಅಂತ ಕೇಳಿ, ಅದರ ಜೊತೆಗೆ ದುಡ್ಡು ಕೊಡುವ ರೀತಿಯನ್ನೂ ಬೇರೆ ಬೇರೆ ಥರ ಪರೀಕ್ಷಿಸಿ ನೋಡಲು ಕೇಳಿ. ಯಾವ ರೀತಿ ಯಾರಿಗೆ ಒಳ್ಳೆಯದು ಅನ್ನುವುದನ್ನು ಇಲ್ಲಿ ಹೋಲಿಸಿದ್ದೇನೆ. ಅಳೆಯಲು ನಾನು ಒಂದೇ ಪ್ರಶ್ನೆ ಇಟ್ಟುಕೊಂಡಿದ್ದೇನೆ. ಮೊದಲು ಯಾರ ಜೇಬಿನಿಂದ ದುಡ್ಡು ಹೋಗುತ್ತದೆ, ಅದು ವಾಪಸ್ ಬರಲು ಎಷ್ಟು ದಿನ ಹಿಡಿಯುತ್ತದೆ?

ಈಗ ಇರುವುದು ಏನು

ಈಗಿನ ಟಿಎ ದರಗಳು 7ನೇ ವೇತನ ಆಯೋಗದವು. ಹಣಕಾಸು ಸಚಿವಾಲಯದ ವೆಚ್ಚ ಇಲಾಖೆ 2017ರ ಜುಲೈ 13ರಂದು ಆದೇಶ ಹೊರಡಿಸಿತು, ಜುಲೈ 1ರಿಂದಲೇ ಜಾರಿ. ಡಿಎ (ತುಟ್ಟಿಭತ್ಯೆ) 50% ಮುಟ್ಟಿದಾಗ ಇವುಗಳಲ್ಲಿ ಹಲವು ದರ 25% ಏರಬೇಕು ಅಂತ ಆ ಆದೇಶದಲ್ಲೇ ಇತ್ತು. 2024ರ ಜನವರಿಯಿಂದ ಹಾಗೆ ಏರಿವೆ.

ವರ್ಗಾವಣೆಯಲ್ಲಿ ಮುಖ್ಯವಾಗಿ ಸಿಗುವುದು ಮೂರು. ಕುಟುಂಬದ ಪ್ರಯಾಣದ ಟಿಕೆಟ್. ಸಾಮಾನು ಸಾಗಿಸಿದ ಖರ್ಚು. ಆಮೇಲೆ ಕಾಂಪೊಸಿಟ್ ಟ್ರಾನ್ಸ್‌ಫರ್ ಗ್ರಾಂಟ್, ಅಂದರೆ ಕೊನೆಯ ತಿಂಗಳ ಮೂಲ ವೇತನದ 80%. ಹೊಸ ಜಾಗ 20 ಕಿ.ಮೀ. ಒಳಗಿದ್ದರೆ ಅಥವಾ ಅದೇ ಊರಿನಲ್ಲಿದ್ದು ಮನೆ ಬದಲಿಸಬೇಕಾದರೆ ಅದರ ಮೂರನೇ ಒಂದು ಭಾಗ ಮಾತ್ರ. ಸ್ವಂತ ಕೋರಿಕೆಯ ವರ್ಗಾವಣೆಗೆ ಇದು ಯಾವುದೂ ಇಲ್ಲ. ನಮ್ಮವರಲ್ಲಿ ಬಹಳ ಮಂದಿ ಊರ ಕಡೆ ವಾಪಸ್ ಹೋಗುವುದು ಕೋರಿಕೆ ಮೇಲೆಯೇ. ಹಾಗಾಗಿ ಬರುವಾಗ ಸಿಗುವ ದುಡ್ಡು ಸರಿಯಾಗಿ ಸಿಗಬೇಕು, ಹೋಗುವಾಗಿನದು ಹೇಗೂ ಕೈಯಿಂದಲೇ.

ಕ್ಲೇಮ್ ಹಾಕಲು ಪ್ರಯಾಣ ಮುಗಿದ ಮೇಲೆ 60 ದಿನ ಟೈಮು. 2018ರ ಮಾರ್ಚ್‌ಗೆ ಮುಂಚೆ ಒಂದು ವರ್ಷ ಇತ್ತು. ನೌಕರನಿಗೆ ಗಡುವು ಬಿಗಿಯಾಯಿತು. ಕಚೇರಿ ದುಡ್ಡು ಕೊಡುವುದಕ್ಕೂ ಅಷ್ಟೇ ಬಿಗಿಯಾದ ಗಡುವು ಇರಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಮೊದಲ ದಾರಿ: ಬಿಲ್ಲು ಕೊಟ್ಟು ದುಡ್ಡು ಪಡೆಯುವುದು

ಸಾಮಾನು ಸಾಗಣೆ ಈಗ ನಡೆಯುತ್ತಿರುವುದು ಹೀಗೆ. ರಸೀದಿ ಕೊಡಬೇಕು, ಮೇಲೆ ಒಂದು ಮಿತಿ ಇರುತ್ತದೆ, ಅದು ಲೆವೆಲ್ ನೋಡಿ, ಅಂದರೆ ಸಂಬಳದ ಶ್ರೇಣಿ ನೋಡಿ. ಲೆವೆಲ್ 6 ಮತ್ತು ಮೇಲಿನವರಿಗೆ 6,000 ಕೆಜಿ, ಲೆವೆಲ್ 5ಕ್ಕೆ 3,000 ಕೆಜಿ, ಲೆವೆಲ್ 4 ಮತ್ತು ಕೆಳಗಿನವರಿಗೆ 1,500 ಕೆಜಿ. ರಸ್ತೆಯಲ್ಲಿ ಸಾಗಿಸಿದರೆ 2017ರಲ್ಲಿ ಕಿ.ಮೀ.ಗೆ ಕ್ರಮವಾಗಿ 50, 25, 15 ರೂಪಾಯಿ ಇತ್ತು. 25% ಸೇರಿಸಿದರೆ ಈಗ 62.50, 31.25, 18.75.

ಹುಬ್ಬಳ್ಳಿಯಿಂದ ಮುಂಬೈಗೆ ಸುಮಾರು 580 ಕಿ.ಮೀ. ಅಂತಿಟ್ಟುಕೊಳ್ಳಿ. ಲೆವೆಲ್ 6ರವರ ಮಿತಿ 36,250 ರೂಪಾಯಿ. ಲೆವೆಲ್ 1ರ ಎಂಟಿಎಸ್ (ಮಲ್ಟಿ ಟಾಸ್ಕಿಂಗ್ ಸ್ಟಾಫ್, ಅತಿ ಕೆಳಗಿನ ಹುದ್ದೆ) ನೌಕರನ ಮಿತಿ 10,875. ಅವನ ಸಾಮಾನು ಕಮ್ಮಿ, ನಿಜ. ಆದರೆ ಡ್ರೈವರ್, ಟೋಲ್, ಡೀಸೆಲ್ ಸಾಮಾನಿನ ಲೆಕ್ಕದಲ್ಲಿ ಕಮ್ಮಿಯಾಗುವುದಿಲ್ಲ. ಇನ್ನೊಬ್ಬರ ಸಾಮಾನಿನ ಜೊತೆ ಸೇರಿಸಿ ಹಾಕಿಸಿದರೆ ಆ ಮಿತಿಯಲ್ಲಿ ಹೇಗೋ ಆಗಬಹುದು. ಆಗ ಬೀರು, ಮಂಚ ಬರುವ ದಿನ ಲಾರಿಯವರ ಮರ್ಜಿ. ಅಲ್ಲಿ ತನಕ ಮಕ್ಕಳು ಚಾಪೆ ಮೇಲೆ.

ಗದಗ ಕಡೆಯ ಒಬ್ಬ ಸಹೋದ್ಯೋಗಿ ಬಿಲ್ಲು ಹಿಡಿದು ಬಂದಿದ್ದರು. ಅರ್ಧ ಹಾಳೆ, ಮೇಲೆ ಟ್ರಾನ್ಸ್‌ಪೋರ್ಟ್ ಹೆಸರಿನ ರಬ್ಬರ್ ಸ್ಟ್ಯಾಂಪು, ಮೊತ್ತ ಬಾಲ್‌ಪೆನ್ನಿನಲ್ಲಿ. ಲಾರಿ ನಂಬರ್ ಇಲ್ಲ, ತೂಕ ಇಲ್ಲ, ಜಿಎಸ್‌ಟಿ ನಂಬರ್ ಇಲ್ಲ.

"ಇದು ಪಾಸಾಗಲ್ಲ ರೀ, ಸರಿಯಾದ ಬಿಲ್ಲು ಕೇಳಬೇಕಿತ್ತು," ಅಂದೆ.

"ಕೇಳಿದ್ನಿರೀ ಸರ. ಪಕ್ಕಾ ಬಿಲ್ ಬೇಕಂದ್ರ ರೇಟ್ ಬ್ಯಾರೆ ಅಂದ್ರು. ಅಷ್ಟು ರೊಕ್ಕ ಆ ಹೊತ್ತಿಗೆ ಕೈಯಾಗ ಇರ್ಲಿಲ್ಲ."

ಬಿಲ್ಲಿನ ದಾರಿಯ ತೊಂದರೆ ಇಲ್ಲೇ ಇದೆ. ಪ್ರಾಮಾಣಿಕವಾಗಿ ಖರ್ಚು ಮಾಡಿದವನ ಹತ್ತಿರ ಒಪ್ಪುವ ಕಾಗದ ಇರುವುದಿಲ್ಲ. ದೊಡ್ಡ ಪ್ಯಾಕರ್ಸ್ ಕಂಪನಿಗೆ ಕೊಡುವ ಶಕ್ತಿ ಇದ್ದವರ ಹತ್ತಿರ ಕಾಗದ ಚೆನ್ನಾಗಿರುತ್ತದೆ. ಮಿತಿಯಷ್ಟಕ್ಕೇ ಬಿಲ್ಲು ಬರೆಸಿಕೊಂಡು ತರುವವರೂ ಇದ್ದಾರೆ, ಅದು ಎಲ್ಲರಿಗೂ ಗೊತ್ತು. ಅದನ್ನು ಹಿಡಿಯಬೇಕು ಅಂತ ನಮ್ಮ ಕಡೆಯಿಂದ ತಕರಾರು ಹಾಕುತ್ತೇವೆ. ಆ ತಕರಾರಿಗೆ ಸಿಕ್ಕಿ ತಿಂಗಳುಗಟ್ಟಲೆ ಕಾಯುವವರು ಅರ್ಧ ಹಾಳೆ ತಂದವರು.

ಮುಂಗಡ ತಗೊಳ್ಳಬಹುದಲ್ಲಾ ಅಂತ ಕೇಳುತ್ತೀರಿ. ಖಂಡಿತ ತಗೊಳ್ಳಬಹುದು. ಆದರೆ ಅರ್ಜಿ ಹಾಕಬೇಕಾದ್ದು ಹಳೆ ಕಚೇರಿಯಲ್ಲಿ, ಅದೂ ರಿಲೀವ್ ಆಗುವ ಗಡಿಬಿಡಿಯಲ್ಲಿ. ಆ ಮೊತ್ತ ಎಲ್‌ಪಿಸಿಯಲ್ಲಿ (ಹಳೆ ಕಚೇರಿ ಕೊಡುವ ಕೊನೆಯ ಸಂಬಳದ ಪ್ರಮಾಣಪತ್ರದಲ್ಲಿ) ನಮೂದಾಗಿ ಹೊಸ ಕಚೇರಿಗೆ ಬಂದು, ಅಲ್ಲಿ ಬಿಲ್ಲಿನಿಂದ ಕಳೆಯಬೇಕು. ಎಲ್‌ಪಿಸಿ ತಡವಾದರೆ ಸಂಬಳಕ್ಕೂ ತೊಂದರೆ, ಟಿಎಗೂ ತೊಂದರೆ.

ಎರಡನೇ ದಾರಿ: ಇಡಿಗಂಟು

ಇದು ನಮಗೆ ಹೊಸದೇನಲ್ಲ. 6ನೇ ಆಯೋಗದ ನಂತರ 2008ರಲ್ಲಿ ಟೂರ್, ಅಂದರೆ ಕಚೇರಿ ಕೆಲಸಕ್ಕೆ ಬೇರೆ ಊರಿಗೆ, ಹೋದವರ ಊಟಕ್ಕೆ ಬಿಲ್ಲು ನೋಡಿ ದುಡ್ಡು ಕೊಡುವ ಪದ್ಧತಿ ಬಂತು. ಇಡ್ಲಿ ಅಂಗಡಿಯ ಬಿಲ್ಲು ಎಲ್ಲಿಂದ ತರುವುದು? 2017ರ ಆದೇಶ ಅದನ್ನು ಕೈಬಿಟ್ಟಿತು. ಊಟಕ್ಕೆ ಇಡಿಗಂಟು, ವೋಚರ್ ಬೇಡ. ಕೇಂದ್ರಸ್ಥಾನದಿಂದ 6 ಗಂಟೆಗಿಂತ ಕಮ್ಮಿ ಹೊರಗಿದ್ದರೆ 30%, 6ರಿಂದ 12 ಗಂಟೆಗೆ 70%, ಅದಕ್ಕಿಂತ ಜಾಸ್ತಿಯಾದರೆ ಪೂರ್ತಿ. ಲೆವೆಲ್ 5 ಮತ್ತು ಕೆಳಗಿನವರಿಗೆ ದಿನಕ್ಕೆ 500 ಇದ್ದದ್ದು ಈಗ 625. ಈ ಬದಲಾವಣೆಯಿಂದ ನಮ್ಮ ವಿಭಾಗದಲ್ಲಿ ಊಟದ ಬಗ್ಗೆ ತಕರಾರು ಅನ್ನುವುದೇ ನಿಂತುಹೋಯಿತು. ಹೊರಗಿದ್ದ ಗಂಟೆ ನೋಡುತ್ತೇವೆ, ಪಾಸು ಮಾಡುತ್ತೇವೆ.

ಇಡಿಗಂಟಿನ ಗುಣ ಇದು. ಲೆಕ್ಕ ಮೊದಲೇ ಗೊತ್ತಿರುತ್ತದೆ, ಹಾಗಾಗಿ ದುಡ್ಡನ್ನೂ ಮೊದಲೇ ಕೊಡಬಹುದು. ಉಳಿಸಿದರೆ ನೌಕರನಿಗೆ, ಮೀರಿದರೆ ನೌಕರನ ಮೇಲೆ. ಮೊತ್ತ ಸರಿಯಾಗಿದ್ದರೆ ಇಷ್ಟು ಒಳ್ಳೆಯ ದಾರಿ ಬೇರೆ ಇಲ್ಲ. ಮೊತ್ತ ತಪ್ಪಾದರೆ ಅದನ್ನು ಹೊರುವವನು ನೌಕರ, ತಕರಾರು ಹೇಳಲು ಕೈಯಲ್ಲಿ ಬಿಲ್ಲೂ ಇರುವುದಿಲ್ಲ.

ಟ್ರಾನ್ಸ್‌ಫರ್ ಗ್ರಾಂಟ್ ನೋಡಿ. ಅದೂ ಇಡಿಗಂಟೇ. 18,000 ಮೂಲ ವೇತನಕ್ಕೆ 14,400. 56,100ಕ್ಕೆ 44,880. ಮುಂಬೈಗೆ ಬಂದ ಇಬ್ಬರೂ ಡೊಂಬಿವಲಿಯಲ್ಲಿ ಒಂದೇ ಥರದ ಮನೆ ಹುಡುಕಿದರೆ ಬ್ರೋಕರ್ ಇಬ್ಬರಿಗೂ ಒಂದು ತಿಂಗಳ ಬಾಡಿಗೆಯಷ್ಟೇ ಕೇಳುತ್ತಾನೆ. ಲೀವ್ ಅಂಡ್ ಲೈಸೆನ್ಸ್ (ಮನೆ ಬಾಡಿಗೆ) ಕರಾರಿನ ಖರ್ಚು, ಹಮಾಲಿ ಎಲ್ಲ ಸಮಾನ. ಮೂಲ ವೇತನಕ್ಕೆ ಕಟ್ಟಿದ ಇಡಿಗಂಟು ಖರ್ಚಿನ ಜೊತೆ ನಡೆಯುವುದಿಲ್ಲ. ಗ್ರಾಂಟಿಗೆ ಒಂದು ಕನಿಷ್ಠ ಮೊತ್ತ ಬೇಕು, ಅದು ಊರಿನ ಬಾಡಿಗೆ ನೋಡಿ ನಿಗದಿಯಾಗಬೇಕು. ಮುಂಬೈ, ಪುಣೆ ಎರಡೂ ಮನೆ ಬಾಡಿಗೆ ಭತ್ಯೆಗೆ ಎಕ್ಸ್ ದರ್ಜೆಯ, ಅಂದರೆ ಅತಿ ಹೆಚ್ಚು ದರದ, ಊರುಗಳು ಅಂತ ಸರ್ಕಾರವೇ ಒಪ್ಪಿದೆ. ಗ್ರಾಂಟಿನಲ್ಲಿ ಮಾತ್ರ ಊರಿನ ಲೆಕ್ಕ ಇಲ್ಲ.

ಇನ್ನೊಂದು ಕೊರತೆ ಇದಕ್ಕಿಂತ ದೊಡ್ಡದು. ಹೊಸ ಊರಿಗೆ ಬಂದು ಮನೆ ಸಿಗುವ ತನಕ ಉಳಿಯುವ ಖರ್ಚಿಗೆ ನಮ್ಮಲ್ಲಿ ಪ್ರತ್ಯೇಕ ಬಾಬ್ತೇ ಇಲ್ಲ. ಎಲ್ಲ ಆ 80% ಒಳಗೇ. ಕ್ವಾರ್ಟರ್ಸ್‌ಗೆ ಅರ್ಜಿ ಹಾಕಿ ಕಾಯುವಾಗ ನಮ್ಮವರು ಪರಿಚಯದವರ ಮನೆಯ ಹಾಲ್‌ನಲ್ಲಿ ಮಲಗುತ್ತಾರೆ.

ಅಮೆರಿಕದ ಕೇಂದ್ರ ಸರ್ಕಾರಿ ನೌಕರರ ನಿಯಮ ಇಲ್ಲಿ ನೋಡಲು ಯೋಗ್ಯ. ಅಲ್ಲಿ ಮನೆ ಹುಡುಕಲು ಹೋಗಿಬರುವುದಕ್ಕೇ ಒಂದು ಬಾಬ್ತು ಇದೆ. ಇಡಿಗಂಟು ಆರಿಸಿಕೊಂಡರೆ ಆ ಊರಿನ ದಿನಭತ್ಯೆಯ 5 ಪಟ್ಟು, ಗಂಡ ಹೆಂಡತಿ ಇಬ್ಬರೂ ಹೋದರೆ 6.25 ಪಟ್ಟು. ತಾತ್ಕಾಲಿಕ ವಾಸಕ್ಕೆ ಬೇರೆ ಬಾಬ್ತು. ಅದರಲ್ಲೂ ಎರಡು ದಾರಿ: ಬಿಲ್ಲು ಕೊಟ್ಟು ಜಾಸ್ತಿ ದಿನ ಪಡೆಯುವುದು, ಇಲ್ಲವೇ ಗರಿಷ್ಠ 30 ದಿನಕ್ಕೆ ಇಡಿಗಂಟು ತಗೊಂಡು ಲೆಕ್ಕ ಮುಗಿಸುವುದು. ಇಡಿಗಂಟಿನಲ್ಲಿ ನೌಕರನಿಗೆ ದಿನಭತ್ಯೆಯ 75%, ಕುಟುಂಬದ ಪ್ರತಿಯೊಬ್ಬರಿಗೆ 25%. ಸಾಲದೇ ಹೋದರೆ ಮತ್ತೆ ಕೊಡುವುದಿಲ್ಲ, ಉಳಿದರೆ ವಾಪಸ್ ಕೇಳುವುದಿಲ್ಲ. ಊರಿನ ದರ ಮತ್ತು ಮನೆಯ ತಲೆ ಎಣಿಕೆ ಎರಡನ್ನೂ ಲೆಕ್ಕಕ್ಕೆ ತಗೊಂಡಿದ್ದಾರೆ. ನಾವು ಕೇಳಬೇಕಾದದ್ದೂ ಇಂಥದ್ದನ್ನೇ.

ಮೂರನೇ ದಾರಿ: ಇಲಾಖೆಯೇ ನೇರವಾಗಿ ಕಟ್ಟುವುದು

ನನ್ನ ಪ್ರಶ್ನೆಗೆ ಅತಿ ಒಳ್ಳೆಯ ಉತ್ತರ ಕೊಡುವ ದಾರಿ ಇದು. ನೌಕರನ ಜೇಬಿನಿಂದ ಹೋಗುವುದೇ ಇಲ್ಲ. ಪುಣೆಯಲ್ಲಿ ರಕ್ಷಣಾ ಇಲಾಖೆಯವರು ಇದನ್ನು ಚೆನ್ನಾಗಿ ಬಲ್ಲರು. ಡಿಫೆನ್ಸ್ ಟ್ರಾವೆಲ್ ಸಿಸ್ಟಮ್‌ನಲ್ಲಿ ರೈಲು, ವಿಮಾನದ ಟಿಕೆಟ್ ಆನ್‌ಲೈನ್ ಬುಕ್ ಆಗುತ್ತದೆ, ದುಡ್ಡನ್ನು ಇಲಾಖೆ ಕಟ್ಟುತ್ತದೆ. ಹಿಂದೆ ವಾರಂಟ್ (ಇಲಾಖೆ ಕೊಡುವ ಪ್ರಯಾಣದ ಚೀಟಿ) ಹಿಡಿದು ಬುಕಿಂಗ್ ಕೌಂಟರ್‌ನಲ್ಲಿ ನಿಲ್ಲಬೇಕಿತ್ತು. ಭೂಸೇನೆಯ ಅಧಿಕಾರಿಗಳ ಟಿಎ ಕ್ಲೇಮ್‌ಗಳೆಲ್ಲ ನೋಡುವ ಲೆಕ್ಕಪತ್ರ ಕಚೇರಿ ಇರುವುದೂ ಪುಣೆಯಲ್ಲೇ, ಗೋಳಿಬಾರ್ ಮೈದಾನದ ಹತ್ತಿರ.

ಸಿವಿಲ್ ಕಡೆ ವಿಮಾನದ ಟಿಕೆಟ್ ಬಾಮರ್ ಲಾರಿ, ಅಶೋಕ್ ಟ್ರಾವೆಲ್ಸ್, ಐಆರ್‌ಸಿಟಿಸಿ ಈ ಮೂರು ಏಜೆನ್ಸಿಗಳಲ್ಲೇ ತೆಗೆಯಬೇಕು. ಟೂರ್‌ಗೆ 21 ದಿನ ಮುಂಚೆ ಬುಕ್ ಮಾಡಿ, ಆ ಹೊತ್ತಿನ ಕಮ್ಮಿ ದರದ್ದನ್ನೇ ತಗೊಳ್ಳಿ ಅನ್ನುತ್ತದೆ 2022ರ ಸೂಚನೆ. ವಿಮಾನದ ಅರ್ಹತೆ ಲೆವೆಲ್ 6ರಿಂದ ಮೇಲೆ. ಲೆವೆಲ್ 5 ಮತ್ತು ಕೆಳಗಿನವರಿಗೆ ಥರ್ಡ್ ಎಸಿ ಅಥವಾ ಚೇರ್ ಕಾರ್. ಅವರು ಉದ್ಯಾನ್ ಎಕ್ಸ್‌ಪ್ರೆಸ್‌ಗೋ ಶರಾವತಿಗೋ ತಮ್ಮ ಮೊಬೈಲ್‌ನಲ್ಲೇ, ತಮ್ಮ ದುಡ್ಡಿನಲ್ಲೇ ಟಿಕೆಟ್ ತೆಗೆದು ಆಮೇಲೆ ಕ್ಲೇಮ್ ಹಾಕುತ್ತಾರೆ. ಡಿಫೆನ್ಸ್‌ನ ರೀತಿಯನ್ನು ಸಿವಿಲ್ ಇಲಾಖೆಗಳ ಗ್ರೂಪ್ ಸಿ ನೌಕರರಿಗೆ ಮೊದಲು ಕೊಟ್ಟು ನೋಡಬೇಕು ಅನ್ನುವುದು ನನ್ನ ಆಸೆ. ರೈಲು ಟಿಕೆಟ್‌ಗೆ ದರ ಗೊತ್ತು, ಪಿಎನ್‌ಆರ್ ಇದೆ, ಮೋಸಕ್ಕೆ ಜಾಗ ಕಮ್ಮಿ.

ಸಾಮಾನು ಸಾಗಣೆಗೆ ಇದೇ ದಾರಿ ಹಿಡಿದರೆ? ಇಲಾಖೆ ಟೆಂಡರ್ ಕರೆದು ಸಾಗಣೆದಾರರ ಪಟ್ಟಿ ಮಾಡುತ್ತದೆ, ನೌಕರ ಸಹಿ ಹಾಕಿದರೆ ಸಾಕು. ಕೇಳಲು ಚೆಂದ. ಆದರೆ ಟೆಂಡರ್‌ನ ಲಾರಿ ಬೇಕಾದ ದಿನ ಬರುತ್ತದೆಯೇ, ಒಡೆದ ಫ್ರಿಜ್‌ಗೆ ಯಾರು ಜವಾಬ್ದಾರಿ ಅನ್ನುವುದು ಕರಾರಿನಲ್ಲಿ ಬರದಿದ್ದರೆ ನೌಕರ ನಡುವೆ ಸಿಕ್ಕಿಬೀಳುತ್ತಾನೆ. ಇದನ್ನು ಮುಂಬೈ–ಪುಣೆಯಂಥ ಜಾಸ್ತಿ ಓಡಾಟದ ಒಂದು ಮಾರ್ಗದಲ್ಲಿ ಮಾತ್ರ ಪರೀಕ್ಷಿಸಿದರೆ ಸಾಕು.

ನಾಲ್ಕನೇ ದಾರಿ: ಉಳಿಸಿದ್ದರಲ್ಲಿ ಪಾಲು

ಹೋಟೆಲ್ ಮಿತಿಗಿಂತ ಕಮ್ಮಿ ಖರ್ಚು ಮಾಡಿದರೆ ಉಳಿದದ್ದರಲ್ಲಿ ಒಂದು ಪಾಲು ನೌಕರನಿಗೆ ಬಹುಮಾನ. ಅಮೆರಿಕದ ಕೆಲವು ಇಲಾಖೆಗಳಲ್ಲಿ ಇದು ನಡೆದಿದೆ. ನಮ್ಮಲ್ಲಿ ಲೆವೆಲ್ 12–13ರವರ ಹೋಟೆಲ್ ಮಿತಿ 2017ರಲ್ಲಿ ದಿನಕ್ಕೆ 4,500 ಇತ್ತು, ಅಲ್ಲಿ ಉಳಿಸಲು ಜಾಗ ಇದೆ. ಲೆವೆಲ್ 5 ಮತ್ತು ಕೆಳಗಿನವರಿಗೆ ಆಗ 450, 25% ಸೇರಿಸಿದರೂ ಈಗ 562.50. ಮುಂಬೈಯಲ್ಲಿ ಆ ದುಡ್ಡಿಗೆ ಮರ್ಯಾದೆಯ ರೂಮು ಸಿಗುವುದೇ ಕಷ್ಟ, ಇನ್ನು ಉಳಿಸುವುದೆಲ್ಲಿ? ಈ ದಾರಿ ಮೇಲಿನವರಿಗಷ್ಟೇ. ನಾನು ಇದಕ್ಕೆ ಓಟು ಹಾಕುವುದಿಲ್ಲ.

ನಾವು ಆಗಲೇ ಮಾಡಿದ ಒಂದು ಪ್ರಯೋಗ

2020ರ ಅಕ್ಟೋಬರ್‌ನಲ್ಲಿ, ಕೊರೊನಾ ಕಾಲದಲ್ಲಿ, ಕೇಂದ್ರ ಎಲ್‌ಟಿಸಿ (ರಜೆಯ ಪ್ರವಾಸದ ಖರ್ಚು ಕೊಡುವ ಸೌಲಭ್ಯ) ಬದಲು ನಗದು ಕೊಡುವ ಯೋಜನೆ ತಂತು. ಪ್ರಯಾಣ ಮಾಡಬೇಕಿಲ್ಲ. ಅರ್ಹತೆ ನೋಡಿ ತಲೆಗೆ 36,000, 20,000 ಅಥವಾ 6,000 ರೂಪಾಯಿ ದರ ಅಂತ ಲೆಕ್ಕ ಹಿಡಿದರು. ಅದು ಪೂರ್ತಿ ಸಿಗಬೇಕಾದರೆ ದರದ ಮೂರು ಪಟ್ಟು ಖರ್ಚು ಮಾಡಬೇಕು. 12% ಅಥವಾ ಜಾಸ್ತಿ ಜಿಎಸ್‌ಟಿ ಇರುವ ವಸ್ತು, ಸೇವೆಯ ಮೇಲೆ, ಡಿಜಿಟಲ್ ಪಾವತಿಯಲ್ಲಿ, 2021ರ ಮಾರ್ಚ್ 31ರೊಳಗೆ.

ರೈಲಿನ ಅರ್ಹತೆಯ ನಾಲ್ಕು ಜನರ ಕುಟುಂಬಕ್ಕೆ ದರ 24,000. ಅದಕ್ಕೆ 72,000 ರೂಪಾಯಿ ಖರ್ಚಿನ ಜಿಎಸ್‌ಟಿ ಬಿಲ್ಲು ತೋರಿಸಬೇಕು. ಕೈಯಲ್ಲಿ ದುಡ್ಡಿದ್ದು ಫ್ರಿಜ್, ಟಿವಿ ತಗೊಳ್ಳಬೇಕು ಅಂತಿದ್ದವರಿಗೆ ಅನುಕೂಲವಾಯಿತು. ಆ ವರ್ಷ ಊರಿಗೆ ದುಡ್ಡು ಕಳಿಸುತ್ತಿದ್ದವರಿಗೆ 72,000 ಎಲ್ಲಿಂದ ಬರಬೇಕು? ಯೋಜನೆಯ ಉದ್ದೇಶ ಮಾರುಕಟ್ಟೆಯಲ್ಲಿ ಖರೀದಿ ಹೆಚ್ಚಿಸುವುದಾಗಿತ್ತು, ಅದು ಬೇರೆ ಮಾತು. ಹೊಸ ರೀತಿ ತರುವಾಗ ಮೊದಲು ಖರ್ಚು ಮಾಡುವ ಭಾರ ಯಾರ ಮೇಲೆ ಬೀಳುತ್ತದೆ ಅಂತ ನೋಡಲೇಬೇಕು ಅನ್ನುವುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಗೊತ್ತಿಲ್ಲ.

ಊರು ನೋಡಿ ಆರಿಸಿ

ಗೋವಾದವರಿಗೆ ಕಿ.ಮೀ. ದರವೇ ಶತ್ರು. ಕಾರವಾರದಿಂದ ಮಡಗಾಂವ್‌ಗೆ ಸುಮಾರು 70 ಕಿ.ಮೀ. ಲೆವೆಲ್ 4 ಮತ್ತು ಕೆಳಗಿನವರ ಮಿತಿ 1,312 ರೂಪಾಯಿ 50 ಪೈಸೆ. ಟೆಂಪೋದವರು ಹತ್ತಿರದ ಊರಿಗೆ ಕಿ.ಮೀ. ಲೆಕ್ಕ ಹಾಕುವುದಿಲ್ಲ, ಇಡೀ ದಿನದ ಬಾಡಿಗೆ ಕೇಳುತ್ತಾರೆ. ಏರಿಸುವ ಹಮಾಲಿ, ಇಳಿಸುವ ಹಮಾಲಿ 70 ಕಿ.ಮೀ.ಗೂ ಅಷ್ಟೇ, 700ಕ್ಕೂ ಅಷ್ಟೇ. ಹಾಗಾಗಿ ಗೋವಾ, ಬೆಳಗಾವಿ, ಕಾರವಾರ ಸುತ್ತಿನ ವರ್ಗಾವಣೆಗೆ ಏರಿಸುವ ಇಳಿಸುವ ಖರ್ಚಿಗೆ ಇಡಿಗಂಟು, ಅದರ ಮೇಲೆ ಕಿ.ಮೀ. ದರ ಅನ್ನುವ ಜೋಡಿ ಸರಿಹೋಗುತ್ತದೆ.

ಮುಂಬೈಗೆ ಬರುವವರಿಗೆ ಮೊದಲ ತಿಂಗಳ ವಾಸಕ್ಕೆ ಇಡಿಗಂಟು, ಮೊದಲೇ ಖಾತೆಗೆ. ಇದು ಒಂದಾದರೂ ಆದರೆ ಬೇರೆಲ್ಲ ನಿಧಾನಕ್ಕೆ ಬಂದರೂ ತಡೆದುಕೊಳ್ಳಬಹುದು. ಸಾಮಾನಿಗೆ ಬಿಲ್ಲು ಇರಲಿ, ಆದರೆ ಲೆವೆಲ್ 5 ಮತ್ತು ಕೆಳಗಿನವರಿಗೆ ಸ್ವಯಂ ದೃಢೀಕರಣ ಸಾಕು ಅಂತಾಗಬೇಕು. ಟೂರ್‌ನ ಹೋಟೆಲ್ ಖರ್ಚಿಗೆ ಲೆವೆಲ್ 8ರ ತನಕ ಸ್ವಯಂ ದೃಢೀಕರಣ ಈಗಾಗಲೇ ನಡೆಯುತ್ತಿದೆ. ಲಾರಿಗೆ ಯಾಕೆ ಆಗಬಾರದು?

ಪುಣೆಗೆ ಬರುವ ಹುಬ್ಬಳ್ಳಿ–ಬೆಳಗಾವಿ ಕಡೆಯವರದು ನಡುವಿನ ಪರಿಸ್ಥಿತಿ. ಹುಬ್ಬಳ್ಳಿಯಿಂದ ಸುಮಾರು 430 ಕಿ.ಮೀ., 2024ರಿಂದ ವಂದೇ ಭಾರತ್ ಕೂಡ ಇದೆ. ಮಕ್ಕಳ ಪರೀಕ್ಷೆ ಮುಗಿಯುವ ತನಕ ಕುಟುಂಬ ಊರಲ್ಲೇ ಇದ್ದು ಆಮೇಲೆ ಬರುವುದು ಇಲ್ಲಿ ಜಾಸ್ತಿ. ಆರು ತಿಂಗಳೊಳಗೆ ಕುಟುಂಬ ಬಂದರೆ ಟಿಕೆಟ್‌ಗೆ ತೊಂದರೆಯಿಲ್ಲ. ಇವರಿಗೆ ನೇರ ಟಿಕೆಟ್ ಹೆಚ್ಚು ಉಪಯೋಗ, ಏಕೆಂದರೆ ಪ್ರಯಾಣ ಎರಡು ಕಂತಿನಲ್ಲಿ ಆಗುತ್ತದೆ, ಕ್ಲೇಮೂ ಎರಡು ಸಲ.

ಪ್ರಯೋಗ ಹೇಗಿರಬೇಕು

ಅಮೆರಿಕದಲ್ಲಿ 1998ರ ಒಂದು ಕಾನೂನು ಇದಕ್ಕೆ ದಾರಿ ಮಾಡಿಕೊಟ್ಟಿತು. ಒಂದು ಇಲಾಖೆ ಮಾಮೂಲಿ ನಿಯಮ ಬಿಟ್ಟು ಬೇರೆ ರೀತಿಯಲ್ಲಿ ಪ್ರಯಾಣದ, ವರ್ಗಾವಣೆಯ ಖರ್ಚು ಕೊಟ್ಟು ನೋಡಬಹುದಿತ್ತು. ಅದಕ್ಕೆ ಜಿಎಸ್‌ಎ ಅನ್ನುವ ಕೇಂದ್ರ ಸಂಸ್ಥೆಯ ಒಪ್ಪಿಗೆ ಬೇಕಿತ್ತು. ಅವಧಿ ನಿಗದಿ. ಫಲ ಏನಾಯಿತು ಅಂತ ಸಂಸತ್ತಿಗೆ ವರದಿ ಹೋಗಬೇಕಿತ್ತು. ಇಡೀ ದೇಶದ ನಿಯಮ ಒಂದೇ ಸಲ ಬದಲಿಸುವ ಭಯ ಇಲ್ಲ, ಸುಮ್ನೆ ಹತ್ತು ವರ್ಷ ಮುಂದಿನ ಆಯೋಗಕ್ಕೆ ಕಾಯುವುದೂ ಇಲ್ಲ. ನಮ್ಮಲ್ಲಿ ವೆಚ್ಚ ಇಲಾಖೆಗೆ ಇಂಥ ಅಧಿಕಾರ ಸ್ಪಷ್ಟವಾಗಿ ಕೊಡಿ, ಒಂದೆರಡು ಊರಿನಲ್ಲಿ ಮಾಡಿ ನೋಡಲಿ ಅಂತ ಮನವಿಯಲ್ಲಿ ಕೇಳಬೇಕು.

ಇಡಿಗಂಟೋ ಬಿಲ್ಲೋ ಅನ್ನುವ ಆಯ್ಕೆ ನೌಕರನದ್ದಾಗಿರಬೇಕು, ಹೊರಡುವ ಮುಂಚೆಯೇ ಮಾಡಬೇಕು, ಆಮೇಲೆ ಬದಲಿಸುವ ಹಾಗಿಲ್ಲ. ಎರಡರಲ್ಲೂ ಎಷ್ಟು ಸಿಗುತ್ತದೆ ಅನ್ನುವ ಲೆಕ್ಕದ ಹಾಳೆಯನ್ನು ಆರ್ಡರ್ ಜೊತೆಗೇ ಕೊಡಬೇಕು, ಕನ್ನಡದಲ್ಲೋ ಮರಾಠಿಯಲ್ಲೋ, ಓದುವವನ ಭಾಷೆಯಲ್ಲಿ. ಸರ್ಕಾರಕ್ಕೆ ಎಷ್ಟು ಉಳಿಯಿತು ಅಂತ ಮಾತ್ರ ಬರೆದರೆ ಅದು ಅರ್ಧ ವರದಿ. ಲೆವೆಲ್ ಪ್ರಕಾರ ಬೇರೆ ಬೇರೆ ಬರೆಯಬೇಕು. ಸರಾಸರಿಯಲ್ಲಿ ಎಂಟಿಎಸ್‌ನವನ ಕಷ್ಟ ಅಧಿಕಾರಿಯ ಅನುಕೂಲದಲ್ಲಿ ಮುಚ್ಚಿಹೋಗುತ್ತದೆ.

ಮನವಿಗೆ ಇದು ಒಂದು ಪುಟ ಸಾಕು. ಜೊತೆಗೆ ನಿಮ್ಮ ಕಚೇರಿಯ ಕಳೆದ ವರ್ಷದ ವರ್ಗಾವಣೆ ಬಿಲ್ಲುಗಳಿಂದ, ಹೆಸರು ಬಿಟ್ಟು, ಲೆವೆಲ್ ಮತ್ತು ಮೂರು ದಿನಾಂಕ ತೆಗೆದು ಪಟ್ಟಿ ಲಗತ್ತಿಸಿ: ದುಡ್ಡು ಖರ್ಚಾದ ದಿನ, ಬಿಲ್ಲು ಕೊಟ್ಟ ದಿನ, ದುಡ್ಡು ಖಾತೆಗೆ ಬಂದ ದಿನ.